ಕಾಯಂ ಕೆಲಸವೋ, ಹೆಚ್ಚು ಹಣದ ಗುತ್ತಿಗೆಯೋ? ಒಂದು ವರ್ಷದ ಲೆಕ್ಕ

ಒಂದು ಕೈಯಲ್ಲಿ ತಿಂಗಳಿಗೆ 60,000 ರೂಪಾಯಿಯ ಕಾಯಂ ಕೆಲಸದ ಪತ್ರ. ಇನ್ನೊಂದು ಕೈಯಲ್ಲಿ 80,000 ರೂಪಾಯಿಯ, ಹನ್ನೊಂದು ತಿಂಗಳ ಗುತ್ತಿಗೆಯ ಪತ್ರ. ‘ಪರ್ಮನೆಂಟ್ ಬಿಡಬೇಡ’ ಎಂದು ಮನೆಯಲ್ಲಿ ಅಪ್ಪ ಹೇಳುತ್ತಾರೆ. ‘ತಿಂಗಳಿಗೆ ಇಪ್ಪತ್ತು ಸಾವಿರ ಸುಮ್ಮನೆ ಬಿಡ್ತೀಯಾ?’ ಎಂದು ಜೊತೆಗೆ ಓದಿದ ಗೆಳೆಯ ಕೇಳುತ್ತಾನೆ. ಇಬ್ಬರ ಮಾತಿನಲ್ಲೂ ಪ್ರೀತಿ ಇದೆ, ಲೆಕ್ಕ ಮಾತ್ರ ಇಲ್ಲ. ಪತ್ರಕ್ಕೆ ಉತ್ತರ ಕೊಡಲು ಎರಡು ದಿನವಷ್ಟೇ ಉಳಿದಿರುತ್ತದೆ.

ಈ ಇಕ್ಕಟ್ಟಿನಲ್ಲಿ ನಾನೂ ಸಿಕ್ಕಿದ್ದೆ, ಹೆಚ್ಚು ಹಣದ ಕಡೆಗೇ ಹೋದೆ. ಮೊದಲ ವರ್ಷ ಡೆಂಗಿ ಬಂತು, ಕೆಲಸದ ದಿನಗಳಲ್ಲಿ ಹದಿನೆಂಟು ದಿನ ಹಾಸಿಗೆ ಹಿಡಿದೆ. ತಿಂಗಳ ಕೊನೆಗೆ ಖಾತೆಗೆ ಬಂದದ್ದು ಎಂಟು ದಿನದ ಹಣ. ಆಸ್ಪತ್ರೆಯ ಬಿಲ್ಲನ್ನೂ ನಾನೇ ಕಟ್ಟಬೇಕಾಯಿತು. ಅಲ್ಲಿ ಯಾರೂ ಮೋಸ ಮಾಡಿರಲಿಲ್ಲ. ನಾನು ಸಹಿ ಹಾಕಿದ ಪತ್ರದಲ್ಲಿ ಬರೆದದ್ದೇ ನಡೆದಿತ್ತು. ಆ ತಿಂಗಳು ಕಲಿತದ್ದನ್ನು ಇಂಥದೇ ಎರಡು ಪತ್ರ ಹಿಡಿದು ಕೂತವರಿಗೆ ಹೇಳಬೇಕೆಂದು ಇದನ್ನು ಬರೆಯುತ್ತಿದ್ದೇನೆ. ಗುತ್ತಿಗೆಯಲ್ಲಿ ಸಿಗುವ ಹೆಚ್ಚಿನ ಹಣವೆಲ್ಲ ಸಂಬಳವಲ್ಲ. ಮಾಲೀಕರು ಹೊರಬೇಕಿದ್ದ ಕೆಲವು ಹೊರೆಗಳು ನಿಮ್ಮ ಹೆಗಲಿಗೆ ಬಂದಿವೆ. ಅವನ್ನು ಹೊರುವ ಕೂಲಿಯೂ ಆ ಹಣದಲ್ಲೇ ಸೇರಿದೆ. ಆ ಕೂಲಿ ಎಷ್ಟು ಎಂದು ಬೇರೆ ಮಾಡಿ ನೋಡಿದ ಮೇಲೆಯೇ ಎರಡು ಪತ್ರಗಳನ್ನು ಪಕ್ಕಪಕ್ಕ ಇಡಲು ಸಾಧ್ಯ.

‘ತಾತ್ಕಾಲಿಕ’ದಲ್ಲಿ ನಾಲ್ಕು ಬಗೆ

ಮೊದಲು ನಿಮ್ಮ ಕೈಯಲ್ಲಿರುವುದು ಯಾವ ಬಗೆಯ ಪತ್ರ ಎಂದು ಗುರುತಿಸಿ. ಎಲ್ಲವನ್ನೂ ನಾವು ‘ಕಾಂಟ್ರಾಕ್ಟ್’ ಅಂತಲೇ ಕರೆಯುತ್ತೇವೆ. ಕಾನೂನಿನ ಕಣ್ಣಿಗೆ ಅವು ಒಂದೇ ಅಲ್ಲ.

ಮೊದಲನೆಯದು ನಿಗದಿತ ಅವಧಿಯ ನೇಮಕಾತಿ. ಕೆಲಸ ಕೊಡುವ ಸಂಸ್ಥೆಯೇ ನಿಮ್ಮನ್ನು ನೇರವಾಗಿ ಒಂದು ಅಥವಾ ಎರಡು ವರ್ಷಕ್ಕೆ ಸೇರಿಸಿಕೊಳ್ಳುತ್ತದೆ. ಕೇಂದ್ರ ಸರ್ಕಾರ 2018ರಲ್ಲಿ ನಿಯಮ ತಿದ್ದಿ ಇದನ್ನು ಎಲ್ಲ ಉದ್ದಿಮೆಗಳಿಗೂ ತೆರೆಯಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳಲ್ಲೂ ಇದಕ್ಕೆ ಜಾಗವಿದೆ. ಅದೇ ಕೆಲಸ ಮಾಡುವ ಕಾಯಂ ನೌಕರರಿಗಿಂತ ಇವರ ಸಂಬಳ, ಸೌಲಭ್ಯ ಕಡಿಮೆ ಇರುವಂತಿಲ್ಲ. ತಾತ್ಕಾಲಿಕ ಕೆಲಸಗಳಲ್ಲಿ ಹೆಚ್ಚು ರಕ್ಷಣೆ ಇರುವುದು ಇದಕ್ಕೇ.

ಎರಡನೆಯದು ಹೊರಗುತ್ತಿಗೆ. ಕೆಲಸ ಮಾಡುವುದು ಒಂದು ಕಂಪನಿಯಲ್ಲಿ, ಸಂಬಳದ ಚೀಟಿ ಬರುವುದು ಏಜೆನ್ಸಿಯಿಂದ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಂದ ಹಿಡಿದು ಸರ್ಕಾರಿ ಕಚೇರಿಯ ಡಾಟಾ ಎಂಟ್ರಿ ಆಪರೇಟರ್‌ವರೆಗೆ ಈ ಪದ್ಧತಿ ಹಬ್ಬಿದೆ. ಇಲ್ಲಿ ನಿಮ್ಮ ಮಾಲೀಕ ಏಜೆನ್ಸಿ. ಆದರೂ ಏಜೆನ್ಸಿ ಸಂಬಳ ಕೊಡದೆ ಕೈಕೊಟ್ಟರೆ ಕೆಲಸ ಮಾಡಿಸಿಕೊಂಡ ಕಂಪನಿಯೇ ಅದನ್ನು ತುಂಬಿಕೊಡಬೇಕು ಎಂಬ ನಿಯಮ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲಿತ್ತು. ಹೊಸ ಸಂಹಿತೆಯಲ್ಲೂ ಅದು ಉಳಿದಿದೆ.

ಮೂರನೆಯದು ಕನ್ಸಲ್ಟೆಂಟ್ ಒಪ್ಪಂದ. ಇಲ್ಲಿ ಕಾಗದದ ಮೇಲೆ ನೀವು ನೌಕರರೇ ಅಲ್ಲ, ಸೇವೆ ಮಾರುವ ವ್ಯಾಪಾರಿ. ಪಿಎಫ್ ಇಲ್ಲ, ಇಎಸ್‌ಐ ಇಲ್ಲ, ರಜೆ ಇಲ್ಲ, ಗ್ರಾಚುಟಿ ಇಲ್ಲ. ಅತಿ ಹೆಚ್ಚು ಮೊತ್ತ ಕಾಣಿಸುವುದು ಈ ಪತ್ರಗಳಲ್ಲೇ. ಅದಕ್ಕೇ ಇವನ್ನು ಎರಡು ಸಲ ಓದಬೇಕು.

ನಾಲ್ಕನೆಯದು ದಿನದ, ಗಂಟೆಯ ಅಥವಾ ಆರ್ಡರ್‌ನ ಲೆಕ್ಕದ ಕೆಲಸ. ದಿನಗೂಲಿ, ಅತಿಥಿ ಉಪನ್ಯಾಸಕರು, ಆ್ಯಪ್ ಮೂಲಕ ಊಟ, ಸಾಮಾನು ತಲುಪಿಸುವವರು ಇದರಲ್ಲಿ ಬರುತ್ತಾರೆ. ಆ್ಯಪ್ ಆಧಾರಿತ (ಗಿಗ್) ಕಾರ್ಮಿಕರಿಗಾಗಿ ಕರ್ನಾಟಕ 2025ರಲ್ಲಿ ಪ್ರತ್ಯೇಕ ಕಾಯ್ದೆ ತಂದಿದೆ. ಪ್ರತಿ ವಹಿವಾಟಿನಲ್ಲಿ ಅವರಿಗೆ ಪಾವತಿಯಾಗುವ ಮೊತ್ತದ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಗಳಿಂದ ವಸೂಲಿ ಮಾಡಲು ಅದರಲ್ಲಿ ಅವಕಾಶವಿದೆ. ಕಾಯಂ ನೌಕರರ ಭದ್ರತೆಗೆ ಇದು ಸಮವಲ್ಲ, ಅದರತ್ತ ಇಟ್ಟ ಮೊದಲ ಹೆಜ್ಜೆ.

ಕಾಯಂ ಅನ್ನುವುದರಲ್ಲೂ ಅಂತರ

ಅಪ್ಪಂದಿರು ‘ಪರ್ಮನೆಂಟ್’ ಅಂದಾಗ ಅವರ ಮನಸ್ಸಿನಲ್ಲಿರುವುದು ಸರ್ಕಾರಿ ಕೆಲಸ. ಅಲ್ಲಿ ಸಂವಿಧಾನದ 311ನೇ ವಿಧಿಯ ರಕ್ಷಣೆ ಇದೆ. ವಿಚಾರಣೆ ನಡೆಸದೆ ನೌಕರನನ್ನು ವಜಾ ಮಾಡುವಂತಿಲ್ಲ. ನಿವೃತ್ತಿ 60ಕ್ಕೆ. ಏಳನೇ ರಾಜ್ಯ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಯಾದ ಮೇಲೆ ರಾಜ್ಯ ಸರ್ಕಾರಿ ನೌಕರರ ಕನಿಷ್ಠ ಮೂಲ ವೇತನವೇ 27,000 ರೂಪಾಯಿ. ಆದರೆ ಅಪ್ಪಂದಿರಿಗೆ ಗೊತ್ತಿರುವ ಹಳೆಯ ಪಿಂಚಣಿ, 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರಿಗೆ ಇಲ್ಲ. ಅವರು ಎನ್‌ಪಿಎಸ್‌ಗೆ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ) ಸೇರುತ್ತಾರೆ. ಅವರ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ. 10 ಕಡಿತವಾಗುತ್ತದೆ, ಸರ್ಕಾರ ಶೇ. 14 ಸೇರಿಸುತ್ತದೆ. ಕೊನೆಗೆ ಎಷ್ಟು ಸಿಗುತ್ತದೆ ಎಂಬುದು ಮಾರುಕಟ್ಟೆಯ ಕೈಯಲ್ಲಿದೆ.

ಖಾಸಗಿ ಕಂಪನಿಯ ‘ಕಾಯಂ’ ಇದಕ್ಕಿಂತ ತೆಳು. ಪತ್ರದಲ್ಲಿ ಕೊನೆಯ ತಾರೀಖು ಇರುವುದಿಲ್ಲ, ನೋಟಿಸ್ ಅವಧಿ ಇರುತ್ತದೆ. ಮ್ಯಾನೇಜರ್ ಮಟ್ಟದವರಿಗಾದರೆ ಒಂದರಿಂದ ಮೂರು ತಿಂಗಳ ಆ ನೋಟಿಸೇ ಹೆಚ್ಚು ಕಡಿಮೆ ಅವರ ಇಡೀ ಭದ್ರತೆ. ಕಾನೂನಿನ ಪ್ರಕಾರ ಕಾರ್ಮಿಕ ಎನ್ನಿಸಿಕೊಳ್ಳುವವರಿಗೆ ಇನ್ನೊಂದಿಷ್ಟು ಆಸರೆ ಇದೆ. ಒಂದು ವರ್ಷದ ನಿರಂತರ ಸೇವೆ (ಕಾನೂನಿನ ಲೆಕ್ಕದಲ್ಲಿ 240 ದಿನದ ಕೆಲಸ) ಆಗಿದ್ದರೆ, ಕೆಲಸ ಕಡಿತ ಮಾಡುವಾಗ ಒಂದು ತಿಂಗಳ ನೋಟಿಸ್ ಕೊಡಬೇಕು, ಸೇವೆಯ ಪ್ರತಿ ವರ್ಷಕ್ಕೆ ಹದಿನೈದು ದಿನದ ವೇತನವನ್ನು ಪರಿಹಾರವಾಗಿ ಕೊಡಬೇಕು. ನಿಗದಿತ ಅವಧಿ ಮುಗಿದು ಕೆಲಸ ಹೋದರೆ ಅದನ್ನು ಕಡಿತ ಎಂದು ಕಾನೂನು ಎಣಿಸುವುದಿಲ್ಲ, ಈ ಪರಿಹಾರವೂ ಇಲ್ಲ. ಎರಡು ಪತ್ರಗಳ ನಡುವಿನ ನಿಜವಾದ ಗೆರೆ ಇಲ್ಲಿದೆ: ಒಂದು ಕೆಲಸವನ್ನು ಯಾರಾದರೂ ನಿಲ್ಲಿಸಬೇಕು, ಇನ್ನೊಂದು ತಾನಾಗಿಯೇ ನಿಲ್ಲುತ್ತದೆ.

ತಿಂಗಳು ಬಿಟ್ಟು ವರ್ಷ ನೋಡಿ

ಈಗ ಆ 60,000 ಮತ್ತು 80,000ದ ಪತ್ರಗಳಿಗೆ ಬರೋಣ. ಅಂಕಿಗಳು ಉದಾಹರಣೆಗೆ ಇಟ್ಟುಕೊಂಡವು, ನಿಮ್ಮವನ್ನು ಹಾಕಿ ಇದೇ ಲೆಕ್ಕ ಮಾಡಿ.

ಕಾಯಂ ಪತ್ರದಲ್ಲಿ 60,000 ಅಂದರೆ ಮೂಲ ವೇತನ ಮತ್ತು ತುಟ್ಟಿಭತ್ಯೆ 30,000, ಉಳಿದ ಭತ್ಯೆಗಳು 30,000 ಎಂದುಕೊಳ್ಳೋಣ. ವರ್ಷಕ್ಕೆ 7,20,000. ಇದರ ಮೇಲೆ ಸಂಬಳದ ಚೀಟಿಯಲ್ಲಿ ಕಣ್ಣಿಗೆ ಬೀಳದ ಮೂರು ಹಣಗಳಿವೆ.

ಒಂದು, ಪಿಎಫ್‌ಗೆ ಮಾಲೀಕರು ಹಾಕುವ ಶೇ. 12. ಪೂರ್ತಿ 30,000ದ ಮೇಲೆ ಕಟ್ಟಿದರೆ ತಿಂಗಳಿಗೆ 3,600, ವರ್ಷಕ್ಕೆ 43,200. ಕೆಲವು ಕಂಪನಿಗಳು 15,000 ರೂಪಾಯಿಯ ಮಿತಿಗೆ ಮಾತ್ರ, ಅಂದರೆ ತಿಂಗಳಿಗೆ 1,800 ಕಟ್ಟುತ್ತವೆ, ಕೇಳಿ ತಿಳಿದುಕೊಳ್ಳಿ. ನಿಮ್ಮ ಸಂಬಳದಿಂದ ಕಡಿತವಾಗುವ ಶೇ. 12 ನಿಮ್ಮದೇ ಹಣ, ಅದನ್ನು ಲಾಭವೆಂದು ಎಣಿಸಬೇಡಿ.

ಎರಡು, ಗ್ರಾಚುಟಿ. ಕೊನೆಯ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸುವುದು ಇದರ ಸೂತ್ರ. ನಮ್ಮ ಉದಾಹರಣೆಯಲ್ಲಿ ಪ್ರತಿ ವರ್ಷಕ್ಕೆ ಸುಮಾರು 17,300 ರೂಪಾಯಿ. ಕಾಯಂ ನೌಕರರು ಐದು ವರ್ಷ ತುಂಬಿದ ಮೇಲೆ ಕೆಲಸ ಬಿಟ್ಟಾಗ ಇದು ಕೈಗೆ ಬರುತ್ತದೆ. ನಿಗದಿತ ಅವಧಿಯ ನೌಕರರಿಗೆ ಹೊಸ ಸಂಹಿತೆಯಲ್ಲಿ ಒಂದೇ ವರ್ಷ ಸಾಕು.

ಮೂರು, ಕುಟುಂಬದ ಆರೋಗ್ಯ ವಿಮೆ. ಕಂಪನಿ ಕೊಡುವಂಥದ್ದನ್ನು ನೀವೇ ಕೊಳ್ಳಬೇಕಾದರೆ ವರ್ಷಕ್ಕೆ 30,000 ಎಂದು ಇಟ್ಟುಕೊಳ್ಳೋಣ. ವಯಸ್ಸು, ಮನೆಮಂದಿಯ ಸಂಖ್ಯೆ ನೋಡಿ ಇದು ಏರುಪೇರಾಗುತ್ತದೆ.

ಎಲ್ಲ ಕೂಡಿದರೆ ಕಾಯಂ ಕೆಲಸದ ಒಂದು ವರ್ಷದ ಬೆಲೆ 8,10,500 ರೂಪಾಯಿ.

ಇನ್ನು ಗುತ್ತಿಗೆಯ ಪತ್ರ. 80,000ವನ್ನು 12ರಿಂದ ಗುಣಿಸಬೇಡಿ. ಒಪ್ಪಂದ ಇರುವುದೇ ಹನ್ನೊಂದು ತಿಂಗಳಿಗೆ. ರಿನ್ಯೂವಲ್ ಆಗಲು, ಇಲ್ಲವೇ ಹೊಸ ಕೆಲಸ ಹುಡುಕಲು ಒಂದು ತಿಂಗಳು ಬಿಡಿ. ಅಲ್ಲಿಗೆ 8,80,000. ಇದು ‘ಕೆಲಸ ಮಾಡಿದ ದಿನಕ್ಕೆ ಮಾತ್ರ ಹಣ’ ಎಂಬ ಒಪ್ಪಂದ ಆಗಿದ್ದರೆ ರಜೆಯ ಹಣ ಕಳೆಯಬೇಕು. ಜ್ವರ, ಮದುವೆ, ಊರ ಹಬ್ಬ, ಮಗುವಿನ ಶಾಲೆ ಎಲ್ಲ ಸೇರಿ ವರ್ಷಕ್ಕೆ ಇಪ್ಪತ್ತು ದಿನ ಹೋಗುವುದು ಯಾರ ಮನೆಯಲ್ಲೂ ಹೊಸದಲ್ಲ. ಕಾಯಂ ನೌಕರನಿಗೆ ಅದು ಸಂಬಳದ ರಜೆ. ಗುತ್ತಿಗೆಯವರಿಗೆ ದಿನಕ್ಕೆ 3,077ರಂತೆ ಸುಮಾರು 61,500 ರೂಪಾಯಿ ಹೋಯಿತು. ಉಳಿದದ್ದು 8,18,500.

8,10,500 ಮತ್ತು 8,18,500. ತಿಂಗಳಿಗೆ ಇಪ್ಪತ್ತು ಸಾವಿರದ ಅಂತರದಂತೆ ಕಂಡದ್ದು ವರ್ಷಕ್ಕೆ ಎಂಟು ಸಾವಿರಕ್ಕೆ ಇಳಿಯಿತು. ಕೆಲಸ ಸಿಗದೆ ಕೂತ ಅವಧಿ ಒಂದು ತಿಂಗಳ ಬದಲು ಎರಡಾದರೆ ಗುತ್ತಿಗೆಯೇ ನಷ್ಟ.

ಅದೇ ಗುತ್ತಿಗೆ 1,00,000ದ್ದಾಗಿದ್ದರೆ? ಹನ್ನೊಂದು ತಿಂಗಳಿಗೆ 11 ಲಕ್ಷ, ಇಪ್ಪತ್ತು ದಿನದ ಕಡಿತ ಸುಮಾರು 77,000. ಉಳಿಯುವುದು 10,23,000. ಕಾಯಂ ಕೆಲಸಕ್ಕಿಂತ ವರ್ಷಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಮುಂದೆ. ಈ ಅಂತರ ನಿಜ, ಇದಕ್ಕೆ ಮನಸ್ಸು ಸೋಲುವುದರಲ್ಲಿ ತಪ್ಪಿಲ್ಲ.

ಹಾಗಾಗಿ, ಪಿಎಫ್, ರಜೆ, ವಿಮೆ ಯಾವುದೂ ಇಲ್ಲದ ಗುತ್ತಿಗೆ ಕಾಯಂ ಸಂಬಳಕ್ಕಿಂತ ಮೂರನೇ ಒಂದು ಭಾಗ ಹೆಚ್ಚು ಕೊಟ್ಟರೆ ಸರಿಸಮ ಆಯಿತಷ್ಟೇ. ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಕೊಟ್ಟರೆ ಲಾಭದ ಮಾತು ಶುರು. ನಿಮ್ಮ ಗುತ್ತಿಗೆಯಲ್ಲಿ ಪಿಎಫ್, ರಜೆ ಸೇರಿದ್ದರೆ ಈ ಅಳತೆ ಸಡಿಲವಾಗುತ್ತದೆ. ಮೇಲಿನ ಸಾಲುಗಳಲ್ಲಿ ಅವುಗಳ ಮೊತ್ತ ಮಾತ್ರ ಬದಲಿಸಿ.

ತೆರಿಗೆಯಲ್ಲಿ ಸಿಕ್ಕಿಕೊಳ್ಳುವ ಹಣ

ಏಜೆನ್ಸಿಯ ಸಂಬಳಕ್ಕೂ ಕಂಪನಿಯ ಸಂಬಳಕ್ಕೂ ತೆರಿಗೆಯಲ್ಲಿ ವ್ಯತ್ಯಾಸವಿಲ್ಲ. ವ್ಯತ್ಯಾಸ ಬರುವುದು ಕನ್ಸಲ್ಟೆಂಟ್‌ಗಳಿಗೆ. ಅವರಿಗೆ ಸಾಮಾನ್ಯವಾಗಿ ಶೇ. 10 (ಕೆಲವು ತಾಂತ್ರಿಕ ಸೇವೆಗಳಿಗೆ ಶೇ. 2) ಟಿಡಿಎಸ್ ಮುರಿದುಕೊಂಡು ಹಣ ಕೊಡುತ್ತಾರೆ. 80,000ದಲ್ಲಿ ತಿಂಗಳಿಗೆ 8,000 ಹೀಗೆ ನಿಲ್ಲುತ್ತದೆ. 2025ರ ಬಜೆಟ್‌ನ ನಂತರ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಬೀಳದು, ಆದ್ದರಿಂದ ನಮ್ಮ ಉದಾಹರಣೆಯವರಿಗೆ ಅದು ಮರಳಿ ಬರುತ್ತದೆ. ಆದರೆ ರಿಟರ್ನ್ ಸಲ್ಲಿಸಿದ ಮೇಲೆ. ಅಲ್ಲಿಯವರೆಗೆ ಮನೆ ನಡೆಯಬೇಕಾದದ್ದು 72,000ದಲ್ಲಿ.

ನೌಕರರಿಗೆ ಸಿಗುವ 75,000 ರೂಪಾಯಿಯ ನಿಗದಿತ ವಿನಾಯಿತಿ ಕನ್ಸಲ್ಟೆಂಟ್‌ಗಳಿಗಿಲ್ಲ. ಬದಲಿಗೆ ಎಂಜಿನಿಯರ್, ವೈದ್ಯ, ವಕೀಲ, ಲೆಕ್ಕಪರಿಶೋಧಕ, ವಾಸ್ತುಶಿಲ್ಪಿಯಂಥ ವೃತ್ತಿಗಳವರಿಗೆ ಬಂದ ಹಣದ ಅರ್ಧವನ್ನೇ ಆದಾಯವೆಂದು ತೋರಿಸುವ ಊಹಾತ್ಮಕ ತೆರಿಗೆ ಪದ್ಧತಿ ಇದೆ. ಇದರ ಮಿತಿ ವರ್ಷಕ್ಕೆ 50 ಲಕ್ಷ. ನಗದು ಸ್ವೀಕೃತಿ ಶೇ. 5 ಮೀರದಿದ್ದರೆ 75 ಲಕ್ಷ. ಹೆಚ್ಚು ದುಡಿಯುವ ವೃತ್ತಿಪರರಿಗೆ ಗುತ್ತಿಗೆ ಲಾಭವಾಗಲು ಇದೊಂದು ದೊಡ್ಡ ಕಾರಣ. ವರ್ಷದ ಸ್ವೀಕೃತಿ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕು ಎಂಬುದೂ ನೆನಪಿರಲಿ.

ಹಣದಲ್ಲಿ ಅಳೆಯಲು ಬಾರದವು

ಮೊದಲನೆಯದು ಉಳಿತಾಯ. ಪಿಎಫ್‌ನ ದೊಡ್ಡ ಉಪಕಾರ ಬಡ್ಡಿಯಲ್ಲ. ನಮ್ಮ ಕೈಗೆ ಸಿಗದಂತೆ ಉಳಿಸುವುದು. ನಮ್ಮ ಉದಾಹರಣೆಯಲ್ಲಿ ನೌಕರನ ಪಾಲು 3,600, ಮಾಲೀಕರ ಪಾಲಿನಲ್ಲಿ ಪಿಂಚಣಿಗೆ ಹೋಗುವ 1,250 ಕಳೆದು 2,350. ತಿಂಗಳಿಗೆ ಒಟ್ಟು 5,950. ಸಂಬಳ ಒಂದು ಪೈಸೆ ಏರದಿದ್ದರೂ, 2024-25ರ ಶೇ. 8.25ರ ಬಡ್ಡಿಯೇ ಮುಂದುವರಿದರೆ, ಇಪ್ಪತ್ತು ವರ್ಷದಲ್ಲಿ ಇದು ಸುಮಾರು 35 ಲಕ್ಷ ಆಗುತ್ತದೆ. ಗುತ್ತಿಗೆಯಲ್ಲಿ ಹೆಚ್ಚು ದುಡಿದವರು ಅಷ್ಟನ್ನೇ ತಾವಾಗಿ ಉಳಿಸಬಹುದಿತ್ತು. ಬಹಳ ಜನ ಉಳಿಸುವುದಿಲ್ಲ, ಏಕೆಂದರೆ ಕೈಯಲ್ಲಿರುವ ಹಣಕ್ಕೆ ಮನೆಯಲ್ಲಿ ಸದಾ ಒಂದು ಕೆಲಸ ಕಾದಿರುತ್ತದೆ.

ಎರಡನೆಯದು ಸಾಲ. ಕಾಯಂ ನೌಕರ ಕೆಲವು ತಿಂಗಳ ಸಂಬಳದ ಚೀಟಿ, ಫಾರ್ಮ್ 16 ಕೊಟ್ಟು ಗೃಹಸಾಲಕ್ಕೆ ಅರ್ಜಿ ಹಾಕುತ್ತಾನೆ. ಕನ್ಸಲ್ಟೆಂಟ್ ಆದವರಿಂದ ಬ್ಯಾಂಕು ಎರಡು ಮೂರು ವರ್ಷದ ರಿಟರ್ನ್ ಕೇಳುತ್ತದೆ. ಒಂದೆರಡು ವರ್ಷದಲ್ಲಿ ಮನೆ ಕೊಳ್ಳುವ ಯೋಚನೆ ಇದ್ದರೆ ಸಾಲ ಮಂಜೂರಾಗುವವರೆಗೆ ಕಾಯಂ ಬಿಡದಿರುವುದು ಒಳ್ಳೆಯದು.

ಮೂರನೆಯದು ಹೆರಿಗೆ ರಜೆ. ಹೆರಿಗೆಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ಕೆಲಸ ಮಾಡಿದ ಮಹಿಳೆಗೆ 26 ವಾರಗಳ ಸಂಬಳದ ರಜೆ ಸಿಗಬೇಕು (ಈಗಾಗಲೇ ಇಬ್ಬರು ಮಕ್ಕಳಿದ್ದರೆ 12 ವಾರ). ಗುತ್ತಿಗೆ ನೌಕರರಿಗೂ ಇದು ಅನ್ವಯಿಸುತ್ತದೆ. ರಜೆಯ ನಡುವೆ ಒಪ್ಪಂದ ಮುಗಿದರೂ ಪೂರ್ತಿ ಸೌಲಭ್ಯ ಕೊಡಬೇಕೆಂದು ಕವಿತಾ ಯಾದವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಹಕ್ಕು ಇದೆ, ಆದರೆ ಅದನ್ನು ಕೇಳಿ ಪಡೆಯಬೇಕಾದ ಹೊತ್ತಿನಲ್ಲಿ ಕೆಲಸವೂ ಕೊನೆಯ ತಾರೀಖಿಗೆ ಹತ್ತಿರವಾಗಿರಬಹುದು. ಕುಟುಂಬ ಬೆಳೆಸುವ ವಯಸ್ಸಿನ ಹೆಣ್ಣುಮಕ್ಕಳು ಕಾಯಂ ಕಡೆಗೆ ಒಲಿದರೆ ಅದನ್ನು ಅಂಜಿಕೆ ಅನ್ನಬಾರದು.

ತಕ್ಕಡಿಯ ಇನ್ನೊಂದು ತಟ್ಟೆಗೆ ಹಾಕಬೇಕಾದವೂ ಇವೆ. ಐದು ವರ್ಷದಲ್ಲಿ ಐದು ಕಡೆ ಕೆಲಸ ಮಾಡಿದವರು ಕಲಿಯುವುದು ಬಹಳ. ತಮ್ಮ ಕೆಲಸದ ಮಾರುಕಟ್ಟೆ ಬೆಲೆ ಅವರಿಗೆ ಸದಾ ಗೊತ್ತಿರುತ್ತದೆ. ಕಾಯಂ ಕೆಲಸದಲ್ಲಿ ಹತ್ತು ವರ್ಷ ಒಂದೇ ಹಳೆಯ ತಂತ್ರಾಂಶಕ್ಕೆ ಅಂಟಿಕೊಂಡು, ಒಂದು ಬೆಳಗ್ಗೆ ನೋಟಿಸ್ ಪಡೆದವರಿಗೆ ಮತ್ತೆ ಕೆಲಸ ಹುಡುಕುವುದು ಹೆಚ್ಚು ಕಷ್ಟ. ಸ್ಥಿರತೆ ಕೆಲಸದ ಪತ್ರದಲ್ಲಷ್ಟೇ ಇರುವುದಿಲ್ಲ, ಕೈಯ ಕಸುಬಿನಲ್ಲೂ ಇರುತ್ತದೆ.

‘ಮುಂದೆ ಪರ್ಮನೆಂಟ್ ಮಾಡ್ತಾರೆ’ ಎಂಬ ಮಾತು

ತಾತ್ಕಾಲಿಕ ಕೆಲಸಕ್ಕೆ ಸೇರುವವರನ್ನು ಒಪ್ಪಿಸುವ ಮಾತು ಇದು. ಇದರ ಕಾನೂನು ಚರಿತ್ರೆ ಕರ್ನಾಟಕದ್ದೇ. 1985-86ರ ಸುಮಾರಿಗೆ ವಾಣಿಜ್ಯ ತೆರಿಗೆ ಇಲಾಖೆಗೆ ದಿನಗೂಲಿಯ ಮೇಲೆ ಸೇರಿದ ನೌಕರರು, ಹತ್ತು ವರ್ಷ ದಾಟಿದರೂ ಕಾಯಂ ಆಗದೆ ನ್ಯಾಯಾಲಯದ ಮೆಟ್ಟಿಲೇರಿದರು. ‘ಕರ್ನಾಟಕ ರಾಜ್ಯ ವಿರುದ್ಧ ಉಮಾದೇವಿ’ ಎಂದು ಹೆಸರಾದ ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2006ರ ಏಪ್ರಿಲ್ 10ರಂದು ತೀರ್ಪು ಕೊಟ್ಟಿತು. ನೇಮಕಾತಿ ನಿಯಮದಂತೆ ಆಯ್ಕೆಯಾಗದವರು ಎಷ್ಟೇ ವರ್ಷ ದುಡಿದರೂ ಕಾಯಂ ಆಗುವ ಹಕ್ಕು ಹುಟ್ಟುವುದಿಲ್ಲ ಎಂಬುದು ಅದರ ಸಾರ. ಮಂಜೂರಾದ ಹುದ್ದೆಗಳಲ್ಲಿ, ಕೋರ್ಟಿನ ತಡೆಯಾಜ್ಞೆಯ ಬಲವಿಲ್ಲದೆ ಹತ್ತು ವರ್ಷ ದುಡಿದ ಅರ್ಹರಿಗೆ ಮಾತ್ರ ಒಂದು ಸಲದ ಅವಕಾಶ ಬಿಟ್ಟಿತು. ಆ ಮೇಲೆ ರಾಜ್ಯ 2012ರಲ್ಲಿ ದಿನಗೂಲಿ ನೌಕರರ ಕ್ಷೇಮಾಭಿವೃದ್ಧಿ ಕಾಯ್ದೆ ತಂದು ಒಂದಿಷ್ಟು ಜನರಿಗೆ ಆಸರೆ ಕೊಟ್ಟಿತು.

ಗಾಳಿ ಈಚೆಗೆ ಸ್ವಲ್ಪ ತಿರುಗಿದೆ. ನಿರಂತರವಾಗಿ ಬೇಕಾದ ಕೆಲಸವನ್ನು ದಶಕಗಟ್ಟಲೆ ತಾತ್ಕಾಲಿಕ ಎಂದು ಮಾಡಿಸಿಕೊಂಡು, ಉಮಾದೇವಿ ತೀರ್ಪನ್ನೇ ಗುರಾಣಿ ಮಾಡಿಕೊಳ್ಳುವುದು ಸಲ್ಲದು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಜಗ್ಗೋ ಪ್ರಕರಣದಲ್ಲಿ ಹೇಳಿತು. 2025ರ ಮೇ 1ರಂದು ಬೆಂಗಳೂರಿನಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಪೌರಕಾರ್ಮಿಕರು ಕಾಯಂ ನೇಮಕಾತಿ ಪತ್ರ ಪಡೆದರು. ಆ ಪತ್ರದ ಹಿಂದೆ ಎಷ್ಟೋ ವರ್ಷಗಳ ಹೋರಾಟವಿತ್ತು. ಇವೆಲ್ಲ ಗೆಲುವುಗಳೇ. ಆದರೆ ಅವುಗಳನ್ನು ಪಡೆಯಲು ಎಷ್ಟು ವರ್ಷ ಹಿಡಿದವು ನೋಡಿ. ಸರ್ಕಾರದಲ್ಲಾಗಲಿ, ಖಾಸಗಿಯಲ್ಲಾಗಲಿ, ಕಾಯಂ ಆಗುವ ಮಾತು ಕಾಗದದಲ್ಲಿ ಇಲ್ಲದಿದ್ದರೆ ನಿಮ್ಮ ಲೆಕ್ಕದಲ್ಲೂ ಅದಕ್ಕೆ ಸೊನ್ನೆ ಹಾಕಿ.

ಕಾಯಂ ಆಗದ ಕೆಲಸ ಹೇಗಿರುತ್ತದೆ ಎಂಬುದು ಕರಾವಳಿಯ ಮನೆಗಳಿಗೆ ಚೆನ್ನಾಗಿ ಗೊತ್ತು. ಮಂಗಳೂರು, ಉಡುಪಿ, ಭಟ್ಕಳದಿಂದ ಗಲ್ಫ್‌ಗೆ ಹೋದವರದ್ದು ಎಷ್ಟೇ ವರ್ಷ ಆದರೂ ವೀಸಾಕ್ಕೆ ಕಟ್ಟಿದ ಕೆಲಸ. ಯುಎಇಯಲ್ಲಿ ಸೇವೆ ಮುಗಿಸಿ ಹೊರಡುವಾಗ ಮೊದಲ ಐದು ವರ್ಷಗಳ ಪ್ರತಿ ವರ್ಷಕ್ಕೆ 21 ದಿನದ, ನಂತರದ ಪ್ರತಿ ವರ್ಷಕ್ಕೆ 30 ದಿನದ ಮೂಲ ವೇತನ ಕೊಡುತ್ತಾರೆ. ಅಲ್ಲಿಗೆ ಹೋಗುವ ಬಹುಪಾಲು ಜನ ಒಂದು ಗುರಿ ಇಟ್ಟುಕೊಂಡೇ ಹೊರಡುತ್ತಾರೆ: ತಂಗಿಯ ಮದುವೆ, ಮನೆಯ ಸಾಲ, ಊರಲ್ಲೊಂದು ಅಂಗಡಿ. ಇಲ್ಲಿನ ಗುತ್ತಿಗೆಗೂ ಅಂಥದೊಂದು ಗುರಿ ಬೇಕು. ಎಷ್ಟು ಹಣಕ್ಕೆ, ಎಷ್ಟು ವರ್ಷಕ್ಕೆ ಎಂದು ತೀರ್ಮಾನಿಸಿ ಹೋದ ಗುತ್ತಿಗೆ ಜೀವನವನ್ನು ಮುಂದೆ ತಳ್ಳುತ್ತದೆ. ಗುರಿಯಿಲ್ಲದೆ ರಿನ್ಯೂವಲ್‌ನಿಂದ ರಿನ್ಯೂವಲ್‌ಗೆ ಸಾಗಿದ್ದು ವಯಸ್ಸನ್ನಷ್ಟೇ ಮುಂದೆ ತಳ್ಳುತ್ತದೆ.

ಯಾರಿಗೆ ಯಾವುದು?

ಮನೆಯ ಖರ್ಚಿಗೆ ನೀವೊಬ್ಬರೇ ಆಧಾರ, ಸಾಲದ ಕಂತು ಸಂಬಳದ ಮೂರನೇ ಒಂದು ಭಾಗ ಮೀರಿದೆ, ಮನೆಯಲ್ಲಿ ದೀರ್ಘ ಕಾಯಿಲೆಯವರಿದ್ದಾರೆ, ಕೈಯಲ್ಲಿ ಮೂರು ತಿಂಗಳ ಖರ್ಚಿನಷ್ಟೂ ಹಣವಿಲ್ಲ. ಇವುಗಳಲ್ಲಿ ಎರಡು ನಿಮಗೆ ಹೊಂದಿದರೂ ಸದ್ಯಕ್ಕೆ ಕಾಯಂ ಕೆಲಸ ಹಿಡಿಯಿರಿ. ಹೆಚ್ಚಿನ ಹಣ ನಿಮಗೆ ಬೇಕು ನಿಜ, ಆದರೆ ಒಂದು ತಿಂಗಳು ತಪ್ಪಿದರೆ ತಡೆಯುವ ಶಕ್ತಿ ಇನ್ನೂ ಬಂದಿಲ್ಲ.

ಗಂಡ ಹೆಂಡತಿಯಲ್ಲಿ ಒಬ್ಬರದು ಕಾಯಂ, ಆ ವಿಮೆಯಲ್ಲಿ ಇಡೀ ಮನೆ ಸೇರಿದೆ, ನಿಮ್ಮ ಕಸುಬಿಗೆ ಬೇಡಿಕೆ ಇದೆ, ಸಾಲ ಕಡಿಮೆ. ಹೀಗಿದ್ದರೆ ಗುತ್ತಿಗೆಗೆ ಧೈರ್ಯವಾಗಿ ಹೋಗಬಹುದು. ಮನೆಯಲ್ಲಿ ಒಂದು ಕಾಯಂ, ಒಂದು ಗುತ್ತಿಗೆ ಇರುವುದು ನಾಲೆ ನೀರಿನ ಗದ್ದೆಯ ಜೊತೆಗೆ ಮಳೆಯ ಹೊಲ ಇದ್ದಂತೆ. ಮಳೆ ಕೈಕೊಟ್ಟ ವರ್ಷವೂ ಅನ್ನಕ್ಕೆ ತೊಂದರೆಯಿಲ್ಲ.

ಸರ್ಕಾರಿ ಪರೀಕ್ಷೆಗೆ ಓದುತ್ತಿರುವ ಯುವಕ ಯುವತಿಯರಿಗೆ ಒಂದು ಮಾತು. ಅತಿಥಿ, ಹೊರಗುತ್ತಿಗೆ ಕೆಲಸ ಹಿಡಿದರೂ ವಯೋಮಿತಿಯ ತಾರೀಖನ್ನು ಗೋಡೆಯ ಮೇಲೆ ಬರೆದಿಡಿ. ತಿಂಗಳ ಹಣ ಕೈಗೆ ಬರತೊಡಗಿದ ಮೇಲೆ ಓದು ಹಿಂದೆ ಬಿದ್ದು, ಅರ್ಜಿ ಹಾಕುವ ವಯಸ್ಸೇ ದಾಟಿದವರನ್ನು ನಾನು ಕಂಡಿದ್ದೇನೆ.

ಗುತ್ತಿಗೆ ಹಿಡಿದರೆ ಹಗೇವು ತೋಡಿ

ಬಯಲುಸೀಮೆಯ ಹಿರಿಯರು ರಾಗಿ, ಜೋಳವನ್ನು ನೆಲದಡಿಯ ಹಗೇವಿನಲ್ಲಿ ತುಂಬಿಡುತ್ತಿದ್ದರು. ಮಳೆ ನಂಬಿದವರಿಗೆ ಹಗೇವು ಹೊಲದಷ್ಟೇ ಮುಖ್ಯವಾಗಿತ್ತು. ಗುತ್ತಿಗೆಯವರ ಹಗೇವು ಹೀಗಿರಲಿ.

ಮೊದಲ ಆರು ತಿಂಗಳು ಹಳೆಯ ಸಂಬಳದಲ್ಲೇ ಬದುಕಿ. 60,000ದಲ್ಲಿ ನಡೆಯುತ್ತಿದ್ದ ಮನೆ 60,000ದಲ್ಲೇ ನಡೆಯಲಿ, ಮಿಕ್ಕದ್ದು ಬೇರೆ ಖಾತೆಗೆ ಹೋಗಲಿ. ಕಾಯಂ ನೌಕರನಿಗೆ ಮೂರು ತಿಂಗಳ ಖರ್ಚು ಕೈಯಲ್ಲಿದ್ದರೆ ಸಾಕು, ಗುತ್ತಿಗೆಯವರಿಗೆ ಆರರಿಂದ ಒಂಬತ್ತು ತಿಂಗಳದ್ದು ಬೇಕು. ಅದು ತುಂಬುವವರೆಗೆ ಹೊಸ ಕಾರು, ಹೊಸ ಕಂತು ಬೇಡ.

ಆರೋಗ್ಯ ವಿಮೆಯನ್ನು ಕಾಯಂ ಕೆಲಸ ಬಿಡುವ ಮೊದಲೇ ಸ್ವಂತ ಹೆಸರಿನಲ್ಲಿ ಮಾಡಿಸಿ. ಕಂಪನಿಯ ವಿಮೆ ಕೆಲಸದ ಜೊತೆಗೇ ಹೋಗುತ್ತದೆ. ಮೊದಲೇ ಇರುವ ಕಾಯಿಲೆಗಳಿಗೆ ಹೊಸ ಪಾಲಿಸಿಯಲ್ಲಿ ಮೂರು ವರ್ಷದವರೆಗೆ ಕಾಯಬೇಕಾಗಬಹುದು. ಬೇಗ ಶುರುವಾದಷ್ಟೂ ಆ ಕಾಯುವಿಕೆ ಬೇಗ ಮುಗಿಯುತ್ತದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿಯೂ ಇಲ್ಲ.

ಹಳೆಯ ಪಿಎಫ್ ಹಣವನ್ನು ತೆಗೆಯಬೇಡಿ. ಐದು ವರ್ಷದ ನಿರಂತರ ಸೇವೆಗೆ ಮೊದಲು ತೆಗೆದರೆ ತೆರಿಗೆ ಬೀಳುತ್ತದೆ. ಪಿಎಫ್ ಪಿಂಚಣಿಗೆ ಒಟ್ಟು ಹತ್ತು ವರ್ಷದ ಸೇವೆ ಬೇಕು. ಆ ಹತ್ತು ಒಂದೇ ಕಡೆಯದ್ದಾಗಬೇಕಿಲ್ಲ. ಒಂದೇ ಯುಎಎನ್‌ಗೆ (ಪಿಎಫ್‌ನ ಬದಲಾಗದ ಸಂಖ್ಯೆ) ವರ್ಗಾಯಿಸುತ್ತಾ ಹೋದರೆ ಐದು ಏಜೆನ್ಸಿಗಳ ಎರಡೆರಡು ವರ್ಷವೂ ಕೂಡಿ ಹತ್ತಾಗುತ್ತದೆ. ಪಿಎಫ್ ಇಲ್ಲದ ಗುತ್ತಿಗೆಯಾದರೆ ಪಿಪಿಎಫ್ ಅಥವಾ ಎನ್‌ಪಿಎಸ್ ಖಾತೆ ತೆರೆದು, ಹಣ ಬಂದ ದಿನವೇ ಒಂದು ಪಾಲು ಅಲ್ಲಿಗೆ ಹೋಗುವಂತೆ ಮಾಡಿ.

ಸಹಿಗೆ ಮೊದಲು ಕೇಳಬೇಕಾದ ಪ್ರಶ್ನೆಗಳು

- ಪತ್ರದಲ್ಲಿ ನನ್ನ ಮಾಲೀಕರು ಯಾರು: ಕಂಪನಿಯೋ, ಏಜೆನ್ಸಿಯೋ, ಅಥವಾ ನಾನು ಕನ್ಸಲ್ಟೆಂಟೋ?
- ಅವಧಿ ಎಷ್ಟು? ರಿನ್ಯೂವಲ್ ಆಗುತ್ತದೋ ಇಲ್ಲವೋ ಎಂದು ಎಷ್ಟು ದಿನ ಮೊದಲು ತಿಳಿಸುತ್ತಾರೆ?
- ಅವಧಿಗೆ ಮೊದಲೇ ತೆಗೆದರೆ ನೋಟಿಸ್ ಎಷ್ಟು? ಎರಡೂ ಕಡೆಗೆ ಅದು ಒಂದೇ ಇದೆಯೇ?
- ಸಂಬಳದ ರಜೆ ಎಷ್ಟು ದಿನ? ಹಬ್ಬದ ರಜೆಗೆ ಹಣ ಮುರಿಯುತ್ತಾರೆಯೇ?
- ಪಿಎಫ್ ಎಷ್ಟರ ಮೇಲೆ ಕಟ್ಟುತ್ತಾರೆ? ಮಾಲೀಕರ ಪಾಲನ್ನೂ ನನ್ನ 80,000ದಲ್ಲೇ ಮುರಿಯುತ್ತಾರೆಯೇ?
- ವೇತನ 21,000 ಮೀರದಿದ್ದರೆ ಇಎಸ್‌ಐ ಸಂಖ್ಯೆ ಸಿಗುತ್ತದೆಯೇ? ಮೀರಿದರೆ ಯಾವ ವಿಮೆ?
- ಹಣ ಯಾವ ತಾರೀಖಿಗೆ ಬರುತ್ತದೆ? ಗಿರಾಕಿ ಕಂಪನಿ ತಡ ಮಾಡಿದರೂ ಏಜೆನ್ಸಿ ಕೊಡುತ್ತದೆಯೇ?
- ಬಿಟ್ಟ ಮೇಲೆ ಅದೇ ಕ್ಷೇತ್ರದಲ್ಲಿ ಕೆಲಸ ಮಾಡದಂತೆ ನಿರ್ಬಂಧವಿದೆಯೇ?

ಉತ್ತರಗಳನ್ನು ಇಮೇಲ್‌ನಲ್ಲೇ ಪಡೆಯಿರಿ. ಬಾಯಿಮಾತಿನಲ್ಲಿ ಹೇಳಿದ್ದನ್ನು ಬರಹದಲ್ಲಿ ಕೊಡಲು ಹಿಂಜರಿದರೆ ಅದೇ ಒಂದು ಉತ್ತರ. ಸೇರಿದ ಎರಡನೇ ತಿಂಗಳು ಪಿಎಫ್ ಪಾಸ್‌ಬುಕ್ ತೆರೆದು ಹಣ ಬಂದಿದೆಯೇ ನೋಡಿ. ಕನ್ಸಲ್ಟೆಂಟ್ ಆದರೆ ಮುರಿದ ಟಿಡಿಎಸ್ ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನಿಮ್ಮ ಪ್ಯಾನ್‌ಗೆ ಜಮಾ ಆಗಿದೆಯೇ ಎಂದು ಮೂರು ತಿಂಗಳಿಗೊಮ್ಮೆ ಪರೀಕ್ಷಿಸಿ.

ಆ ಎರಡು ಪತ್ರಗಳನ್ನು ಇವತ್ತು ರಾತ್ರಿ ಮೇಜಿನ ಮೇಲೆ ಪಕ್ಕಪಕ್ಕ ಇಡಿ. ಒಂದು ಹಾಳೆಯಲ್ಲಿ ವರ್ಷದ ಲೆಕ್ಕ ಬರೆಯಿರಿ, ಅಪ್ಪನಿಗೂ ಗೆಳೆಯನಿಗೂ ತೋರಿಸಿ. ಲೆಕ್ಕ ಕಂಡ ಮೇಲೆ ಅವರ ಮಾತು ಬದಲಾಗಬಹುದು, ಬದಲಾಗದೆಯೂ ಇರಬಹುದು. ಯಾವ ಪತ್ರಕ್ಕೆ ಸಹಿ ಹಾಕಿದರೂ, ಜ್ವರ ಬಂದ ತಿಂಗಳು ಮನೆ ಹೇಗೆ ನಡೆಯುತ್ತದೆ ಎಂಬುದು ನಿಮಗೆ ಮೊದಲೇ ಗೊತ್ತಿರಲಿ. ನನಗೆ ಅದು ಹಾಸಿಗೆಯಲ್ಲಿ ಮಲಗಿದ ಮೇಲೆ ಗೊತ್ತಾಯಿತು.